ಒಂದು ರೂಪಾಯಿಯ ರಸೀದಿ

ಮೊನ್ನೆ ಕಪಾಟು ಖಾಲಿ ಮಾಡುತ್ತಿದ್ದಾಗ ಹಳೇ ಪ್ಲಾಸ್ಟಿಕ್ ಕವರೊಂದರಲ್ಲಿ ಒಂದು ರಸೀದಿ ಸಿಕ್ಕಿತು. ಮೊತ್ತ ಒಂದು ರೂಪಾಯಿ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಸವೆದ ಕೈ ನನ್ನದು. ಕೋಟಿ ರೂಪಾಯಿಯ ಚೆಕ್ಕನ್ನೂ ಮುಟ್ಟಿದೆ, ಅಂಟು ಹಚ್ಚಿ ತಂದ ಹರಕು ನೋಟನ್ನೂ ಮುಟ್ಟಿದೆ. ಆದರೆ ಒಂದು ರೂಪಾಯಿಗೆ ಯಾರಾದರೂ ನನಗೆ ರಸೀದಿ ಬರೆದುಕೊಟ್ಟದ್ದು ಜೀವನದಲ್ಲಿ ಅದೊಂದೇ ಸಲ.

"ಇದನ್ನು ಬಿಸಾಡಲೇನ್ರೀ?" ಅಂದಳು ಹೆಂಡತಿ.

ಬೇಡ ಅಂದೆ. ಆಮೇಲೆ ಕಪಾಟಿನ ಕೆಲಸ ಅಲ್ಲೇ ಉಳಿಯಿತು ಅನ್ನಿ. ಅದರ ಬೈಗುಳವೂ ಸಿಕ್ಕಿತು.

2017ರ ನವೆಂಬರ್ ತಿಂಗಳು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತದ್ದು ಸೆಪ್ಟೆಂಬರ್ 29ಕ್ಕೆ. ಆಮೇಲೆ ಕೆಲವು ದಿನ ಸೇತುವೆ ಹತ್ತುವಾಗ ಎಲ್ಲರ ಎದೆಯೂ ಸ್ವಲ್ಪ ಢವಗುಡುತ್ತಿತ್ತು. ನನ್ನ ಬ್ರಾಂಚ್ ಆಗ ಮರೋಳ್‌ನಲ್ಲಿ. ಡೊಂಬಿವಲಿಯಿಂದ ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತಬೇಕು. ಅವತ್ತು ಇಳಿದೆನೋ, ಜನವೇ ಇಳಿಸಿದರೋ... ಇಳಿದವನಿಗೆ ತಲೆ ಗಿರ್ರೆಂದಿತು. ಕಂಬ ಹಿಡಿದು ನಿಂತೆ. ದಿನಾ ಒಂದೇ ಡಬ್ಬಿಯಲ್ಲಿ ಬರುವ, ಹೆಸರು ಗೊತ್ತಿಲ್ಲದ ಗುಜರಾತಿ ಸ್ನೇಹಿತರೊಬ್ಬರು ನನ್ನ ಬ್ಯಾಗು ತಮ್ಮ ಹೆಗಲಿಗೆ ಹಾಕಿಕೊಂಡು, "ಬನ್ನಿ ಬನ್ನಿ, ಒಂದು ರೂಪಾಯಿ ಡಾಕ್ಟರ್ ಇಲ್ಲೇ ಇದ್ದಾರೆ" ಅಂತ ಕರೆದುಕೊಂಡು ಹೋದರು.

ಚಿಕ್ಕ ಕೋಣೆ. ಒಂದು ಮಂಚ, ಒಂದು ಮೇಜು, ಹೊರಗೆ ಲೋಕಲ್ ಬಂತು ಹೋಯಿತು ಅನ್ನುವ ಘೋಷಣೆ. ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಇನ್ನೊಮ್ಮೆ ತುಂಬಿದರು. ಮತ್ತೆ ಇನ್ನೊಂದು ತೋಳಿಗೆ. 178/110.

"ಅಂಕಲ್, ಯಾವಾಗಿನಿಂದ ಬಿಪಿ ಇದೆ?"

ಇಲ್ಲವಲ್ಲ, ನನಗೆ ಬಿಪಿ ಇಲ್ಲ ಅಂದೆ. ಅವರು ನಕ್ಕು ಇಸಿಜಿ ತೆಗೆದರು. ಅದಕ್ಕೆ 50 ರೂಪಾಯಿ. ಅದನ್ನು ನೋಡಿ ನಗು ನಿಲ್ಲಿಸಿದರು. "ಇವತ್ತು ಆಫೀಸಿಲ್ಲ. ಸೀದಾ ಮನೆ ಅಥವಾ ಆಸ್ಪತ್ರೆ. ಇದು ಇವತ್ತಿನದಲ್ಲ" ಅಂದರು.

ಎಲ್ಲಾ ಸೇರಿ 51 ರೂಪಾಯಿ. ನನ್ನ ಹತ್ತಿರ ಎರಡರ ನಾಣ್ಯ ಇತ್ತು, ಅವರ ಹತ್ತಿರ ಚಿಲ್ಲರೆ ಇರಲಿಲ್ಲ. ಆ ಗುಜರಾತಿ ಸ್ನೇಹಿತರು ಒಂದು ರೂಪಾಯಿ ತೆಗೆದುಕೊಟ್ಟರು. ಬ್ಯಾಂಕಿನವನಾಗಿ ಆ ಸಾಲವನ್ನು ನಾನು ಇನ್ನೂ ತೀರಿಸಿಲ್ಲ!

ಈ ಒಂದು ರೂಪಾಯಿ ಕ್ಲಿನಿಕ್ಕು ಬಂದದ್ದು ಹೇಗೆ ಅನ್ನುವುದು ಮುಂಬಯಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಲೋಕಲ್ ಹಳಿಗಳ ಮೇಲೆ ಆ ಕಾಲಕ್ಕೆ ವರ್ಷಕ್ಕೆ 3,000ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಪೇಪರಿನಲ್ಲಿ ಎರಡು ಸಾಲು, ಅಷ್ಟೇ. 1989ರಲ್ಲಿ ಬೋರಿವಲಿಯಲ್ಲಿ ರೈಲಿಗೆ ಸಿಕ್ಕಿ ಎರಡೂ ಕಾಲು ಕಳೆದುಕೊಂಡ ಸಮೀರ್ ಝವೇರಿ ಎಂಬವರು, ಬಿದ್ದವನಿಗೆ ಸ್ಟೇಷನ್ನಿನಲ್ಲೇ ಮೊದಲ ಚಿಕಿತ್ಸೆ ಸಿಗಬೇಕು ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟು ಆಂಬುಲೆನ್ಸ್ ಇಡಿ, ತುರ್ತು ಚಿಕಿತ್ಸೆಯ ಕೋಣೆ ತೆರೆಯಿರಿ ಎಂದು ರೈಲ್ವೆಗೆ ಹೇಳುತ್ತಾ ಬಂತು. ಆ ದಾರಿಯಲ್ಲೇ ಡಾ. ರಾಹುಲ್ ಘುಲೆ ಅವರ ಮ್ಯಾಜಿಕ್‌ದಿಲ್ ಸಂಸ್ಥೆ 2017ರ ಮೇ ತಿಂಗಳಲ್ಲಿ ಘಾಟ್ಕೋಪರಿನಲ್ಲಿ ಮೊದಲ ಒಂದು ರೂಪಾಯಿ ಕ್ಲಿನಿಕ್ ತೆರೆಯಿತು. ಆಮೇಲೆ ದಾದರ್, ಕುರ್ಲಾ, ಮುಲುಂಡ್, ಥಾಣೆ ಹೀಗೆ ಮಧ್ಯ ರೈಲ್ವೆಯ ಬೇರೆ ಸ್ಟೇಷನ್ನುಗಳಿಗೂ ಬಂತು. 2019ರಲ್ಲಿ ಥಾಣೆ ಸ್ಟೇಷನ್ನಿನ ಕ್ಲಿನಿಕ್ಕಿನಲ್ಲಿ ರೈಲಿನಿಂದ ಇಳಿಸಿದ ಹೆಂಗಸಿಗೆ ಹೆರಿಗೆಯೇ ಆಗಿ ಎಲ್ಲಾ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು, ನೆನಪಿರಬಹುದು.

ಒಂದು ರೂಪಾಯಿಗೆ ಹೇಗೆ ನಡೆಯುತ್ತೆ ಅಂತ ನನ್ನ ಬ್ಯಾಂಕ್ ಬುದ್ಧಿ ಅವತ್ತೇ ಲೆಕ್ಕ ಹಾಕಿತ್ತು. ಡಾಕ್ಟರ್ ನೋಡುವುದಕ್ಕೆ ಒಂದು ರೂಪಾಯಿ. ಪರೀಕ್ಷೆಗೆ ಬೇರೆ, ಔಷಧಿಗೆ ಬೇರೆ. ಜನ್‌ಧನ್‌ನಲ್ಲಿ ಜೀರೋ ಬ್ಯಾಲೆನ್ಸ್ ಖಾತೆ ತೆರೆದ ಹಾಗೆ, ಮೊದಲು ಬಾಗಿಲೊಳಗೆ ಬರಲಿ ಅನ್ನುವ ಲೆಕ್ಕ. ತಪ್ಪೇನಿಲ್ಲ. ನಾನು ಬಾಗಿಲೊಳಗೆ ಹೋದದ್ದಕ್ಕೇ ತಾನೆ ಇವತ್ತು ಕೂತು ಬರೆಯುತ್ತಿರುವುದು?

ಅಂದಹಾಗೆ, ನಮ್ಮ ಈ ಕಡೆಯ ಸ್ಟೇಷನ್ನುಗಳಲ್ಲಿ ಡಾಕ್ಟರು ನಿಂತದ್ದು ಅದೇ ಮೊದಲಲ್ಲ. ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ಕ್ಕೆ, ಮರುವರ್ಷ ಮೇ ತಿಂಗಳಲ್ಲಿ ಅದು ಕಲ್ಯಾಣ್ ಮುಟ್ಟಿತು. ನಾಲ್ಕು ದಶಕ ಕಳೆದು, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೋ ವಿಯೆಗಸ್ ಅವರು ಇದು ಪ್ಲೇಗು ಅಂತ ಗುರುತಿಸಿದರು. ಊರಿಗೆ ಊರೇ ಗಂಟುಮೂಟೆ ಕಟ್ಟಿ ರೈಲು ಹತ್ತಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಮುಂಬಯಿ ಬಿಟ್ಟು ಹೋಗುವವರನ್ನು ಕಲ್ಯಾಣ್‌ನಂಥ ಸ್ಟೇಷನ್ನುಗಳಲ್ಲಿ ಗಾಡಿಯಿಂದ ಇಳಿಸಿ, ಸಾಲಾಗಿ ನಿಲ್ಲಿಸಿ, ಜ್ವರ ಇದೆಯಾ, ಕಂಕುಳಲ್ಲಿ ತೊಡೆಸಂದಿಯಲ್ಲಿ ಗಂಟು ಎದ್ದಿದೆಯಾ ಅಂತ ಮುಟ್ಟಿ ನೋಡುತ್ತಿದ್ದರು. ಅನುಮಾನ ಬಂದರೆ ಅಲ್ಲೇ ತಡೆ. ಹೆಂಗಸರಿಗೆ ಅದೆಷ್ಟು ಅವಮಾನವಾಗಿತ್ತೋ ಊಹಿಸಿಕೊಳ್ಳಿ. ಇಷ್ಟೆಲ್ಲ ಮಾಡಿದರೂ ಪ್ಲೇಗು 1898ರಲ್ಲಿ ಹುಬ್ಬಳ್ಳಿ, ಆಮೇಲೆ ಬೆಂಗಳೂರು ಸೇರಿತು. ಆಗ ರೋಗಿ ಡಾಕ್ಟರ ಬಳಿ ಹೋದದ್ದಲ್ಲ, ಡಾಕ್ಟರು ರೋಗಿಯನ್ನು ಹಿಡಿದದ್ದು. ಆಸ್ಪತ್ರೆ ಅಂದರೆ ಹೆದರುವ ಅಜ್ಜಿಯಂದಿರನ್ನು ನಾವು ಚಿಕ್ಕಂದಿನಲ್ಲಿ ನಗಾಡುತ್ತಿದ್ದೆವಲ್ಲ, ಅವರ ಹೆದರಿಕೆಗೆ ಬೇರೆ ಬೇರೆ ಊರಿನಲ್ಲಿ ಇಂಥ ಬೇರೆ ಬೇರೆ ಕಾರಣ ಇದ್ದಿರಬೇಕು.

ಇದೇ 1897ರ ಕಾಯಿದೆಯನ್ನು 2020ರ ಮಾರ್ಚಿನಲ್ಲಿ ಮತ್ತೆ ತೆಗೆದರು. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಡಾಕ್ಟರ್ ಕಾಕಾ.

ಕುಂದಾಪುರದ ಕಡೆಯಿಂದ ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಪಾಸಾಗಿ ನಾನು ಡೊಂಬಿವಲಿಗೆ ಬಂದದ್ದು 1992ರಲ್ಲಿ. ಮಾನಪಾಡಾ ರೋಡಿನ ಹತ್ತಿರ ಒಂದು ಕೋಣೆ, ಮೂರು ಜನ. ಬಂದ ತಿಂಗಳಲ್ಲೇ ಮಳೆ, ಮಳೆಯ ಜೊತೆ ಜ್ವರ. ಕೆಳಗಿನ ಉಡುಪಿ ಹೋಟೆಲಿನ ಭಟ್ರು, "ಎಂತ ಮಾರಾಯ್ರೆ, ಮಲಗಿದ್ರೆ ಆಗ್ತದಾ? ಕಾಕಾನ ಹತ್ರ ಹೋಗಿ" ಅಂತ ಹುಡುಗನನ್ನು ಜೊತೆ ಮಾಡಿ ಕಳಿಸಿದರು. ಬೋರ್ಡಿನಲ್ಲಿ ಹೆಸರಿನ ಮುಂದೆ ಎಲ್‌ಸಿಪಿಎಸ್ ಅಂತಿತ್ತು. ಮುಂಬಯಿಯ ಕಾಲೇಜ್ ಆಫ್ ಫಿಸಿಶಿಯನ್ಸ್ ಅಂಡ್ ಸರ್ಜನ್ಸ್ 1912ರಲ್ಲಿ ಶುರುವಾದದ್ದು, ಅವರು ಕೊಡುತ್ತಿದ್ದ ಲೈಸೆನ್ಸ್ ಅದು. ಊರಲ್ಲಿ ನಮಗೆ ಎಲ್‌ಎಂಪಿ ಡಾಕ್ಟರು ಗೊತ್ತಿದ್ದ ಹಾಗೆ ಇಲ್ಲಿಯ ಗಲ್ಲಿಗಳಿಗೆ ಎಲ್‌ಸಿಪಿಎಸ್.

ಅಪಾಯಿಂಟ್‌ಮೆಂಟ್ ಅನ್ನುವ ಮಾತೇ ಇಲ್ಲ. ಹೋಗಿ ಬೆಂಚಿನ ತುದಿಗೆ ಕೂರುವುದು, ಮುಂದಿನವರು ಎದ್ದ ಹಾಗೆ ಜರುಗುವುದು. ಈಗ ವಾಕ್-ಇನ್ ಅಂತ ಹೊಸದಾಗಿ ಹೇಳುತ್ತಾರಲ್ಲ, ನಾವು ಹುಟ್ಟಿದಾಗಿನಿಂದ ಹಾಗೇ ನಡೆದುಕೊಂಡೇ ಹೋದವರು. ಮರದ ಪಾರ್ಟಿಶನ್ನಿನ ಆಚೆ ಕಂಪೌಂಡರ್. ಗಾಜಿನ ಬಾಟಲಿಯಲ್ಲಿ ಕೆಂಪು ಮಿಕ್ಸ್ಚರ್, ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ, ಒಂದು ಹಲ್ಲಿಗೆ ಒಂದು ಹೊತ್ತು. ಬಾಟಲಿ ಮನೆಯಿಂದ ತರಬೇಕು. ಔಷಧಿ ಸೇರಿ ಹತ್ತು ರೂಪಾಯಿ.

ಕಾಕಾ ನನ್ನನ್ನು ಮುಟ್ಟುವ ಮೊದಲೇ ಒಂದು ಕಾರ್ಡು ತೆಗೆದರು. ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಹೆಸರು, ಊರು, ಕೆಲಸ. "ವಡೀಲ್?" ಅಂದರು. ನನಗೆ ಆಗ ಮರಾಠಿ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ಅಂತ ಹುಡುಗ ಹೇಳಿಕೊಟ್ಟ. ತೀರಿಕೊಂಡರು ಅಂದೆ. ಹೇಗೆ, ಯಾವ ವಯಸ್ಸಿಗೆ ಅಂತ ಕೇಳಿದರು. ಬರೆದುಕೊಂಡರು. ಜ್ವರಕ್ಕೆ ಬಂದವನಿಗೆ ಅಪ್ಪನ ವಿಚಾರ ಯಾಕೆ ಅಂತ ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು. ಕಾರ್ಡಿನ ಮೂಲೆಯಲ್ಲಿ ನಂಬರು, 1147. ನಮ್ಮ ಬ್ಯಾಂಕಿನ ಲೆಡ್ಜರ್ ಫೋಲಿಯೋ ಥರ. ಮದುವೆಯಾದ ಮೇಲೆ ಹೆಂಡತಿ ಅದೇ ನಂಬರಿಗೆ ಸೇರಿದಳು, ಮಗಳು ಹುಟ್ಟಿ ಅವಳೂ ಸೇರಿದಳು. ಮಗಳಿಗೆ ದಡಾರ ಬಂದಾಗ, ಊರಿಂದ ಬಂದ ನನ್ನ ಅಮ್ಮನಿಗೆ ಮೊಣಕಾಲು ಊದಿದಾಗ, ಎಲ್ಲಾ 1147ರಲ್ಲೇ ನಮೂದು.

ನಾನು ಬಂದ ಜಿಲ್ಲೆಯಲ್ಲಿ ವೈದ್ಯರೊಬ್ಬರು ಬ್ಯಾಂಕು ಕಟ್ಟಿದ್ದಾರೆ, ನಿಮಗೆ ಗೊತ್ತೇ ಇದೆ. ಮಣಿಪಾಲದ ಡಾ. ಟಿ.ಎಂ.ಎ. ಪೈ. 1925ರಲ್ಲಿ ಉಡುಪಿಯಲ್ಲಿ ಇನ್ನಿಬ್ಬರ ಜೊತೆ ಸೇರಿ ಶುರುಮಾಡಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಅವರು ತಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನು ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಒಂದು ರೂಪಾಯಿ ಕ್ಲಿನಿಕ್ಕು ನೋಡಿದಾಗ ನನಗೆ ಮೊದಲು ನೆನಪಾದದ್ದು ಪಿಗ್ಮಿ. ಆದರೆ ಒಂದು ವ್ಯತ್ಯಾಸ ಇದೆ. ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ಪಿಗ್ಮಿ ಏಜೆಂಟ್ ಎರಡು ಕಡೆ ಬರೆಯುತ್ತಿದ್ದ, ನಮ್ಮ ಪುಸ್ತಕದಲ್ಲಿ ಒಮ್ಮೆ, ತನ್ನದರಲ್ಲಿ ಒಮ್ಮೆ. ಎರಡಾಣೆ ಎಷ್ಟೇ ಚಿಕ್ಕದಾದರೂ ಸಾಯಂಕಾಲ ಅದು ಲೆಡ್ಜರಿಗೆ ಹೋಗಿ ಸೇರಲೇಬೇಕು.

2006ರಲ್ಲಿ ನಮ್ಮ ಬ್ರಾಂಚಿಗೆ ಕೋರ್ ಬ್ಯಾಂಕಿಂಗ್ ಬಂತು. ಅದಕ್ಕೆ ಮುಂಚೆ ಡೊಂಬಿವಲಿಯ ಗಿರಾಕಿ ವಾಶಿಗೆ ಹೋದರೆ ಅವನು ಅಪರಿಚಿತ. ಆಮೇಲೆ ಯಾವ ಕೌಂಟರಿಗೆ ಹೋದರೂ ಅವನ ಖಾತೆ ಅವನ ಹಿಂದೆಯೇ ಬರುತ್ತಿತ್ತು. ಇದೇ ಹೊತ್ತಿಗೆ ನಮ್ಮಲ್ಲಿ ಡಾಕ್ಟರ ಕೌಂಟರುಗಳೂ ಹೆಚ್ಚಾದವು. ಪಾಲಿಕ್ಲಿನಿಕ್ಕು, ಮೆಡಿಕಲ್ ಅಂಗಡಿಯ ಹಿಂದಿನ ಕೋಣೆ, ಮಾಲಿನ ಕೆಳಮಹಡಿ, ಥಾಣೆ ಘೋಡಬಂದರ್ ರೋಡಿನ ಹೊಸ ಕಾಂಪ್ಲೆಕ್ಸು. ಕೌಂಟರು ಎಲ್ಲಾ ಕಡೆ ಬಂತು. ಆದರೆ ಖಾತೆ ಹಿಂದೆ ಬರಲಿಲ್ಲ.

ನನ್ನದೇ ಲೆಕ್ಕ ಕೇಳಿ. 2008ರಲ್ಲಿ ನನಗೆ ವಾಶಿಗೆ ವರ್ಗವಾಯಿತು. ಥಾಣೆಯಲ್ಲಿ ಇಳಿದು, 2004ರಲ್ಲಿ ಶುರುವಾದ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ವಾಶಿ. ಬೆಳಿಗ್ಗೆ ಏಳೂವರೆಗೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಮನೆ. ಕಾಕಾ ಎಂಟೂವರೆಗೆ ಶಟರ್ ಎಳೆಯುತ್ತಿದ್ದರು. ತಲೆನೋವು ಬಂದರೆ ವಾಶಿಯಲ್ಲೇ ಒಂದು ಕಡೆ ನುಗ್ಗುವುದು, ಹೊಟ್ಟೆ ಉರಿದರೆ ಥಾಣೆಯಲ್ಲಿ ಗಾಡಿ ಬದಲಿಸುವಾಗ ಇನ್ನೊಂದು ಕಡೆ. ಎಲ್ಲಾ ಕಡೆ ಏಸಿ, ನಗುಮೊಗದ ರಿಸೆಪ್ಶನ್, ಹತ್ತು ನಿಮಿಷದಲ್ಲಿ ಕೆಲಸ ಮುಗೀತು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಹಿಡಿಸಿತ್ತು. ಒಬ್ಬರು ಅಸಿಡಿಟಿ ಅಂದರು, ಇನ್ನೊಬ್ಬರು ಕನ್ನಡಕ ಬದಲಿಸಿ ಅಂದರು. ಎರಡು ಮೂರು ಕಡೆ ಬಿಪಿಯನ್ನೂ ನೋಡಿದ್ದರು. "ಸ್ವಲ್ಪ ಜಾಸ್ತಿ ಇದೆ, ಟೆನ್ಶನ್ ಇರಬೇಕು, ಬ್ಯಾಂಕಲ್ವಾ?" ಅಂದರು. ಹೌದು ಸ್ವಾಮಿ, ಬ್ಯಾಂಕು. ಚೀಟಿ ಜೇಬಿನಲ್ಲಿ, ಜೇಬು ವಾಶಿಂಗ್ ಮಶೀನಿನಲ್ಲಿ. ಒಂಬತ್ತು ವರ್ಷದಲ್ಲಿ ಹನ್ನೊಂದು ಬಾಗಿಲು ತಟ್ಟಿದ್ದೇನೆ ಅಂತ ಆಮೇಲೆ ನಾನೂ ಹೆಂಡತಿಯೂ ಕೂತು ಎಣಿಸಿದೆವು. ಹನ್ನೊಂದು ಜನರಿಗೂ ನಾನು ಮೊದಲ ಸಲ ಬಂದ ಗಿರಾಕಿ. ಅವರದ್ದು ತಪ್ಪು ಅನ್ನಲು ನನಗೆ ಬಾಯಿಲ್ಲ. ಎದುರಿಗೆ ಕೂತವನು ತಾನೇ ತನ್ನ ಹಿಂದಿನದನ್ನು ಹೇಳದಿದ್ದರೆ ಹತ್ತು ನಿಮಿಷದಲ್ಲಿ ಅವರಾದರೂ ಏನು ಮಾಡಿಯಾರು?

ಅಮೆರಿಕದಲ್ಲೂ ಇದೇ ಕಥೆ. ಮಿನಿಯಾಪೊಲಿಸ್ ಕಡೆಯ ರಿಕ್ ಕ್ರೀಗರ್ ಎಂಬವರ ಮಗನಿಗೆ ರಜೆಯ ದಿನ ಗಂಟಲು ನೋವು. ಒಂದು ಸಣ್ಣ ಪರೀಕ್ಷೆಗೆ ಎರಡು ಗಂಟೆ ಕಾಯಬೇಕಾಯಿತು. ಆ ಬೇಸರದಿಂದಲೇ 2000ನೇ ಇಸವಿಯಲ್ಲಿ ದಿನಸಿ ಅಂಗಡಿಗಳೊಳಗೆ ಕ್ವಿಕ್‌ಮೆಡೆಕ್ಸ್ ಹುಟ್ಟಿತು. ಮೊದಲಿಗೆ ದರ 35 ಡಾಲರ್, ನೋಡುವವರು ತರಬೇತಾದ ನರ್ಸ್, ಗೋಡೆಯ ಮೇಲೆ ಯಾವ ಯಾವ ಕಾಯಿಲೆಗೆ ಚಿಕಿತ್ಸೆ ಉಂಟು ಅಂತ ಪಟ್ಟಿ. ನಮ್ಮ ಬೆಂಗಳೂರಿನ ದರ್ಶಿನಿಯ ಬೋರ್ಡು ನೆನಪಾಗುವುದಿಲ್ಲವೇ? ಇಡ್ಲಿ ಉಂಟು, ವಡೆ ಉಂಟು, ಊಟ ಇಲ್ಲ! ಅದೇ ಮಿನಿಟ್‌ಕ್ಲಿನಿಕ್ ಆಗಿ, 2006ರಲ್ಲಿ ಸಿವಿಎಸ್ ಎಂಬ ದೊಡ್ಡ ಔಷಧಿ ಅಂಗಡಿಯವರ ಕೈ ಸೇರಿತು. ಇಂಥ ಕಡೆ ಹೋಗಿ ರೂಢಿಯಾದವರು ಮುಂದಿನ ಸಲ ಹೊಸ ತೊಂದರೆ ಬಂದಾಗ ತಮ್ಮ ಸ್ವಂತ ಡಾಕ್ಟರ ಬಳಿ ಮೊದಲು ಹೋಗುವುದು ಕಡಿಮೆಯಾಗುತ್ತದೆ ಅಂತ ಅಲ್ಲಿನ ಸಂಶೋಧಕರು 2013ರಲ್ಲೇ ಬರೆದಿದ್ದಾರೆ. ಲಾಭವೂ ಎಲ್ಲರಿಗೆ ಆಗಲಿಲ್ಲ ಅನ್ನಿ. ವಾಲ್‌ಮಾರ್ಟ್‌ನಂಥ ವಾಲ್‌ಮಾರ್ಟೇ ತನ್ನ 51 ಆರೋಗ್ಯ ಕೇಂದ್ರಗಳನ್ನು ಮುಚ್ಚುತ್ತೇವೆ ಅಂತ 2024ರಲ್ಲಿ ಹೇಳಿತು.

ನಮ್ಮಲ್ಲಿ ಸರ್ಕಾರಗಳೇ ಇದಕ್ಕೆ ಇಳಿದವು. 2015ರಲ್ಲಿ ದಿಲ್ಲಿಯ ಮೊಹಲ್ಲಾ ಕ್ಲಿನಿಕ್, 2022ರಲ್ಲಿ ಮುಂಬಯಿಯಲ್ಲಿ ಬಾಳಾಸಾಹೇಬ್ ಠಾಕರೆ ಹೆಸರಿನ ಆಪ್ಲಾ ದವಾಖಾನಾ, ಅದೇ ವರ್ಷ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಶುರುವಾದ ನಮ್ಮ ಕ್ಲಿನಿಕ್. ಮಂಡ್ಯದಲ್ಲಿ ಐದು ರೂಪಾಯಿ ಡಾಕ್ಟರ್ ಅಂತಲೇ ಹೆಸರಾದ ಶಂಕರೇಗೌಡರ ಮುಂದೆ ಇದೆಲ್ಲ ದೊಡ್ಡದೇನಲ್ಲ ಅಂತ ನನ್ನ ಮಂಡ್ಯದ ಸಹೋದ್ಯೋಗಿ ವಾದಿಸುತ್ತಾನೆ. ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ.

2020ರಲ್ಲಿ ಮಾತ್ರ ಎಲ್ಲಾ ಬಾಗಿಲೂ ಒಟ್ಟಿಗೆ ಮುಚ್ಚಿದ ಹಾಗಾಯಿತು. ಲೋಕಲ್ಲೇ ನಿಂತ ಮೇಲೆ ಸ್ಟೇಷನ್ ಕ್ಲಿನಿಕ್ಕಿಗೆ ಹೋಗುವವರು ಯಾರು? ನಮ್ಮ ಬೀದಿಯ ದವಾಖಾನೆಗಳೂ ಹೆದರಿ ಶಟರ್ ಎಳೆದವು. ಆಗ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆ ಖಾಸಗಿ ಡಾಕ್ಟರುಗಳನ್ನೇ ಕಟ್ಟಿಕೊಂಡು ಡಾಕ್ಟರ್ ಆರ್ಮಿ ಅಂತ ಮಾಡಿತು, ಗಲ್ಲಿಯ ಫ್ಯಾಮಿಲಿ ಡಾಕ್ಟರುಗಳನ್ನು ಮತ್ತೆ ಕೆಲಸಕ್ಕೆ ಎಳೆಯಿತು. ಕೇಂದ್ರದ ಸ್ಮಾರ್ಟ್ ಸಿಟಿ ಪ್ರಶಸ್ತಿಗಳಲ್ಲಿ ಕೋವಿಡ್ ವಿಭಾಗದ ಬಹುಮಾನ ವಾರಾಣಸಿಯ ಜೊತೆ ನಮ್ಮ ಊರಿಗೂ ಬಂತು. ರಸ್ತೆಗುಂಡಿಗೆ ಬೈಸಿಕೊಳ್ಳುವ ನಮ್ಮ ಪಾಲಿಕೆಗೆ ಬಹುಮಾನ ಅಂದರೆ ಮೊದಲು ಯಾರೂ ನಂಬಲಿಲ್ಲ!

2021ರ ಸೆಪ್ಟೆಂಬರಿನಿಂದ ದೇಶಕ್ಕೆಲ್ಲ ಹದಿನಾಲ್ಕು ಅಂಕಿಯ ಆರೋಗ್ಯ ಖಾತೆ ಬಂದಿದೆ, ಆಭಾ ಅಂತ. ವೈದ್ಯದ ಕೋರ್ ಬ್ಯಾಂಕಿಂಗ್ ಇದೇ ಅಂತ ನಾನು ಮೊದಲ ವಾರದಲ್ಲೇ ಮಾಡಿಸಿಕೊಂಡೆ. ಮಗಳು ಘಣಸೋಲಿಯಲ್ಲಿದ್ದಾಳೆ, ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ. "ಅಪ್ಪಾ, ನನ್ನದೆಲ್ಲಾ ಆ್ಯಪ್‌ನಲ್ಲಿದೆ" ಅನ್ನುತ್ತಾಳೆ. ಯಾವ ಆ್ಯಪ್ ಅಂದರೆ ಮೂರು ಹೇಳುತ್ತಾಳೆ. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ. ಹೋದ ತಿಂಗಳು ಅವಳ ಬಿಲ್ಡಿಂಗಿನ ಕೆಳಗಿನ ಕ್ಲಿನಿಕ್ಕಿಗೆ ಅವಳ ಜೊತೆ ಹೋಗಿದ್ದೆ. ನನ್ನ ಹದಿನಾಲ್ಕು ಅಂಕಿ ಹೇಳಹೋದರೆ ಆ ಹುಡುಗಿ, "ಮೊಬೈಲ್ ನಂಬರ್ ಸಾಕು ಸರ್" ಅಂದಳು.

ಘಾಟ್ಕೋಪರಿನಿಂದ ಅವತ್ತು ಸೀದಾ ಮನೆಗೆ ಬಂದು, ಮರುದಿನ ಥಾಣೆಯ ಹೃದ್ರೋಗ ತಜ್ಞರ ಬಳಿ ಹೋದೆವು. ಎಕೋ ಮಾಡಿ, "ಹೃದಯದ ಗೋಡೆ ದಪ್ಪವಾಗಿದೆ. ಇದು ಏಳೆಂಟು ವರ್ಷದಿಂದ ಒಳಗೊಳಗೇ ನಡೆದದ್ದು. ಹಿಂದಿನ ರೀಡಿಂಗ್ ಏನಾದರೂ ಇದೆಯೇ?" ಅಂತ ಕೇಳಿದರು. ಮೂವತ್ತು ವರ್ಷದ ವೋಚರ್ ಬೇಕಾದರೆ ಹುಡುಕಿ ಕೊಡಬಲ್ಲ ನಾನು ತಲೆ ತಗ್ಗಿಸಿ ಕೂತೆ. ಹೆಂಡತಿಯೇ ಅಂದದ್ದು, "ಕಾಕಾನ ಹತ್ರ ಕಾರ್ಡ್ ಇತ್ತಲ್ಲ?"

ಕಾಕಾ ತೀರಿಕೊಂಡು ಆಗಲೇ ಆರು ವರ್ಷ. ದವಾಖಾನೆಯ ಜಾಗದಲ್ಲಿ ಮೊಬೈಲ್ ಅಂಗಡಿ. ರಾಮನಗರದ ಅವರ ಮನೆಗೆ ಹೆಂಡತಿ ಒಬ್ಬಳೇ ಹೋದಳು. ನನಗೆ ಮುಖ ಇರಲಿಲ್ಲ. ಕಾಕೂ ಕಾರ್ಡುಗಳನ್ನು ರದ್ದಿಗೆ ಹಾಕಿರಲಿಲ್ಲ. ಎರಡು ಕಬ್ಬಿಣದ ಟ್ರಂಕಿನಲ್ಲಿ ನಂಬರಿನ ಪ್ರಕಾರ ಇಟ್ಟಿದ್ದರು. 1147 ಹುಡುಕಲು ಐದು ನಿಮಿಷ ಹಿಡಿಯಲಿಲ್ಲವಂತೆ.

ಮೇಲಿನ ಸಾಲಿನಲ್ಲಿ ಮರಾಠಿಯಲ್ಲಿ: ತಂದೆ, ಲಕ್ವಾ, 58. ಅದರ ಕೆಳಗೆ ಕೆಂಪು ಗೆರೆ. ನನಗೀಗ ಐವತ್ತೇಳು. ಕಡೆಯ ನಮೂದು 2008ರ ಆಗಸ್ಟ್ 22. ವಾಶಿಗೆ ಹೋಗಿ ಎರಡನೇ ತಿಂಗಳು, ಒಂದು ಶುಕ್ರವಾರ ರಜೆ ಹಾಕಿ ಕೆಮ್ಮಿಗೆ ಅಂತ ಹೋಗಿದ್ದೆ, ಈಗ ನೆನಪಾಗುತ್ತದೆ. 146/94, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ಎರಡೇ ಮಾತು: ಎಂಟು ದಿನದ ಮೇಲೆ ಮತ್ತೆ. ಅದರ ಕೆಳಗಿನ ಸಾಲುಗಳು ಖಾಲಿ.

ರಸೀದಿಯನ್ನು ಕಾರ್ಡಿನ ಜೊತೆ ಅದೇ ಕವರಿನಲ್ಲಿ ಹಾಕಿದೆ. ಹೆಂಡತಿ ರಬ್ಬರ್ ಬ್ಯಾಂಡ್ ಸುತ್ತಿ ಕಪಾಟಿಗೆ ಇಡಲಿಲ್ಲ, ನನ್ನ ಆಫೀಸ್ ಬ್ಯಾಗಿನ ಒಳಜೇಬಿಗೆ ತುರುಕಿದಳು.